ನೆಟ್ ವೇಗವಿದ್ದರೂ ಮಾತೇಕೆ ತಡವರಿಸುತ್ತದೆ?

ಮನೆಯಿಂದ ಕಚೇರಿ ಕೆಲಸ ಮಾಡುವವರಿಗೆಲ್ಲ ಪರಿಚಿತವಾದ ತೊಂದರೆಯಿದು. ಸ್ಪೀಡ್ ಟೆಸ್ಟ್ ಮಾಡಿದರೆ 100 ಎಂಬಿಪಿಎಸ್ ತೋರಿಸುತ್ತದೆ, ಯೂಟ್ಯೂಬ್ ಎಲ್ಲೂ ನಿಲ್ಲದೆ ಓಡುತ್ತದೆ. ಆದರೆ ಕಂಪನಿಯ ವಿಪಿಎನ್ ಆನ್ ಮಾಡಿ ಮೀಟಿಂಗಿಗೆ ಕೂತರೆ ಮಾತು ತುಂಡು ತುಂಡಾಗುತ್ತದೆ, ಎದುರಿನವರ ದನಿ ರೋಬೋಟಿನದರಂತೆ ಕೇಳಿಸುತ್ತದೆ, ‘ಹಲೋ, ಕೇಳಿಸ್ತಿದೆಯಾ?’ ಎನ್ನುವುದರಲ್ಲೇ ಅರ್ಧ ಹೊತ್ತು ಕಳೆದುಹೋಗುತ್ತದೆ. ಆಗ ಬಹುತೇಕರು ವಿಪಿಎನ್‌ಗೆ ಶಾಪ ಹಾಕುತ್ತಾರೆ, ಇಲ್ಲವೇ ಇನ್ನೂ ದುಬಾರಿ ಪ್ಲಾನ್ ಹಾಕಿಸಿಕೊಳ್ಳುತ್ತಾರೆ. ಎರಡರಿಂದಲೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಏಕೆಂದರೆ ಮಾತು ಕೆಡುವುದು ವೇಗ ಸಾಲದೆ ಅಲ್ಲ, ಮಾತಿನ ತುಣುಕುಗಳು ಹೊತ್ತಿಗೆ ಸರಿಯಾಗಿ ತಲುಪದೆ. ಆ ತಡ ಎಲ್ಲಿ ಹುಟ್ಟುತ್ತಿದೆ ಎಂಬುದನ್ನು ಹುಡುಕಿದರೆ, ಎಷ್ಟೋ ಸಲ ಒಂದು ರೂಪಾಯಿಯೂ ಖರ್ಚಿಲ್ಲದೆ ಅದನ್ನು ಸರಿಪಡಿಸಬಹುದು.

ಮೊದಲು ಲೆಕ್ಕ ನೋಡೋಣ. ಇಂಟರ್ನೆಟ್ ಕರೆಯಲ್ಲಿ ನಮ್ಮ ಮಾತು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ಅಂದರೆ ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗಿ ಹೊರಡುತ್ತದೆ. 1972ರಲ್ಲಿ ರೂಪುಗೊಂಡು ಇಂದಿಗೂ ಕಚೇರಿ ಫೋನ್‌ಗಳಲ್ಲಿ ಬಳಕೆಯಲ್ಲಿರುವ ಜಿ.711 ಎಂಬ ಮಾನದಂಡವನ್ನೇ ತೆಗೆದುಕೊಳ್ಳಿ. ಅದು ಸೆಕೆಂಡಿಗೆ 8,000 ಸಲ ದನಿಯ ಮಟ್ಟ ಅಳೆದು, ಪ್ರತಿ ಅಳತೆಯನ್ನು ಒಂದು ಬೈಟ್‌ನಲ್ಲಿ ಬರೆದುಕೊಳ್ಳುತ್ತದೆ. ಹಾಗಾಗಿ ಒಂದು ತುಣುಕಿನಲ್ಲಿ 160 ಬೈಟ್ ಮಾತು. ಅದರ ಮೇಲೆ ವಿಳಾಸ, ಕ್ರಮಸಂಖ್ಯೆ, ಸಮಯದ ಗುರುತು ಇತ್ಯಾದಿಗೆ 40 ಬೈಟ್. ವೈರ್‌ಗಾರ್ಡ್‌ನಂಥ ವಿಪಿಎನ್ ಇಡೀ ಪ್ಯಾಕೆಟ್ಟನ್ನು ಗೂಢಲಿಪಿಯಲ್ಲಿ ಸುತ್ತಿ ಇನ್ನೊಂದು 60–70 ಬೈಟ್ ಸೇರಿಸುತ್ತದೆ. ಎಲ್ಲ ಕೂಡಿದರೂ ಒಂದು ದಿಕ್ಕಿಗೆ ಸುಮಾರು 107 ಕೆಬಿಪಿಎಸ್ ಆಯಿತು. 100 ಎಂಬಿಪಿಎಸ್ ಸಂಪರ್ಕದಲ್ಲಿ ಇದು ಸಾವಿರದಲ್ಲಿ ಒಂದು ಪಾಲು. ಇಂದಿನ ಮೀಟಿಂಗ್ ಆ್ಯಪ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಓಪಸ್ ಎಂಬ ಕೋಡೆಕ್‌ಗಾದರೆ, ಅಂದರೆ ದನಿಯನ್ನು ಅಂಕಿಗಳಾಗಿಸುವ ವಿಧಾನಕ್ಕಾದರೆ, ಇದಕ್ಕಿಂತ ಕಡಿಮೆ ಸಾಕು. ಸಾವಿರದ ಒಂದು ಪಾಲು ಸಾಕಾಗುವ ಕೆಲಸ ಕೆಟ್ಟಿರುವಾಗ, ಪ್ಲಾನನ್ನು 100ರಿಂದ 300ಕ್ಕೆ ಏರಿಸಿ ಫಲವೇನು?

‘ನೆಟ್‌ನಲ್ಲಿ ದೋಷವಿದ್ದರೆ ಯೂಟ್ಯೂಬ್ ಮಾತ್ರ ಹೇಗೆ ಸರಾಗವಾಗಿ ಓಡುತ್ತದೆ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಿಡಿಯೊ ತೋರಿಸುವ ಆ್ಯಪ್ ಮುಂದಿನ ಹಲವು ಸೆಕೆಂಡುಗಳ ದೃಶ್ಯವನ್ನು ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ. ನಡುವೆ ಎರಡು ಸೆಕೆಂಡು ನೆಟ್ ಸ್ತಬ್ಧವಾದರೂ ನೋಡುವವರಿಗೆ ತಿಳಿಯುವುದಿಲ್ಲ. ಇನ್ನೂ ಆಡದ ಮಾತನ್ನು ಹೀಗೆ ಮುಂಚಿತವಾಗಿ ತರಿಸಲಾಗದು. ಕರೆಯನ್ನು ಸ್ವೀಕರಿಸುವ ಕಡೆ ಜಿಟ್ಟರ್ ಬಫರ್ ಎಂಬ ಪುಟ್ಟ ತಂಗುದಾಣವಿರುವುದು ನಿಜ. ಹಿಂದುಮುಂದಾಗಿ ಬಂದ ತುಣುಕುಗಳನ್ನು ಅದು ಕ್ರಮವಾಗಿ ಜೋಡಿಸಿ ಸಮ ಅಂತರದಲ್ಲಿ ನುಡಿಸುತ್ತದೆ. ಆದರೆ ಅದು ಕಾಯಬಹುದಾದದ್ದು ಕೆಲವು ಹತ್ತು ಮಿಲಿಸೆಕೆಂಡು ಮಾತ್ರ, ಹೆಚ್ಚು ಕಾದಷ್ಟೂ ಸಂಭಾಷಣೆ ತಡವಾಗುತ್ತದೆ. ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಬಹುತೇಕ ಸಂಭಾಷಣೆಗಳಿಗೆ ತೊಂದರೆಯಿಲ್ಲ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಅದು ಹೇಳುವ ಗರಿಷ್ಠ ಮಿತಿ 400. ಗಡುವು ಮೀರಿ ಬಂದ ಪ್ಯಾಕೆಟ್ಟು, ಬಸ್ಸು ಹೊರಟುಹೋದ ಮೇಲೆ ನಿಲ್ದಾಣಕ್ಕೆ ಬಂದ ಪ್ರಯಾಣಿಕನಿದ್ದಂತೆ: ಸುರಕ್ಷಿತವಾಗಿ ಬಂದರೂ ಉಪಯೋಗವಿಲ್ಲ. ಅದರ ಜಾಗದಲ್ಲಿ ಸಾಫ್ಟ್‌ವೇರು ಹಿಂದಿನ ದನಿಯ ಅಲೆಯನ್ನೇ ಹಿಗ್ಗಿಸಿ ತೇಪೆ ಹಾಕುತ್ತದೆ. ಒಂದೆರಡು ತೇಪೆ ಕಿವಿಗೆ ಗೊತ್ತಾಗುವುದಿಲ್ಲ, ಸಾಲುಸಾಲಾಗಿ ಬಿದ್ದಾಗ ಕೇಳಿಸುವುದೇ ಆ ರೋಬೋಟ್ ದನಿ. ಜಿ.711ರ ತೇಪೆ ವಿಧಾನದಲ್ಲಂತೂ 60 ಮಿಲಿಸೆಕೆಂಡು ಕಳೆದರೂ ಹೊಸ ತುಣುಕು ಬರದಿದ್ದರೆ ದನಿ ಪೂರ್ತಿ ನಿಂತೇಹೋಗುತ್ತದೆ.

ಮಾತಿಗೂ ಫೈಲಿಗೂ ಇರುವ ಈ ವ್ಯತ್ಯಾಸ ಇಂಟರ್ನೆಟ್ ಕಟ್ಟಿದವರಿಗೆ ಆರಂಭದಲ್ಲೇ ಅರಿವಾಗಿತ್ತು. 1974ರಲ್ಲಿ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಪ್ಯಾಕೆಟ್‌ಗಳ ಮೂಲಕ ಮಾತು ಸಾಗಿಸುವ ಪ್ರಯೋಗ ನಡೆಯಿತು. ಅದರ ಮುಂದಾಳುಗಳಲ್ಲಿ ಡ್ಯಾನಿ ಕೋಹೆನ್ ಒಬ್ಬರು. ಆಗ ಟಿಸಿಪಿ ಎಂಬ ಒಂದೇ ನಿಯಮಾವಳಿ ಎಲ್ಲವನ್ನೂ ನಿಭಾಯಿಸುವ ಯೋಜನೆಯಿತ್ತು: ಕಳೆದದ್ದನ್ನು ಮತ್ತೆ ತರಿಸುವುದು, ಎಲ್ಲವನ್ನೂ ಕ್ರಮ ತಪ್ಪದೆ ಒಪ್ಪಿಸುವುದು. ಫೈಲಿಗೆ ಇದು ವರ, ಮಾತಿಗೆ ಶಾಪ ಎಂದು ಕೋಹೆನ್ ಮತ್ತಿತರರು ವಾದಿಸಿದರು. 1978ರಲ್ಲಿ ಟಿಸಿಪಿಯನ್ನು ಒಡೆದು ಐಪಿಯನ್ನು ಪ್ರತ್ಯೇಕಿಸಿದ್ದರ ಹಿಂದೆ ಈ ವಾದವೂ ಇತ್ತು. ಬಂದದ್ದು ಬರಲಿ, ಹೋದದ್ದು ಹೋಗಲಿ ಎಂದು ಕಾಯದೆ ಮುಂದೆ ಸಾಗುವ ಯುಡಿಪಿ 1980ರಲ್ಲಿ ಬಂತು. ಇಂದಿಗೂ ಇಂಟರ್ನೆಟ್ ಕರೆಗಳು ಬಹುಪಾಲು ಸಾಗುವುದು ಅದರ ಮೇಲೆಯೇ.

ವಿಪಿಎನ್‌ನಿಂದ ಆಗುವ ಮೊದಲ ಅನಾಹುತ ಇಲ್ಲಿಯೇ ಇದೆ. ಎಷ್ಟೋ ಕಂಪನಿಗಳ ವಿಪಿಎನ್ ಟಿಸಿಪಿ 443ನೇ ಪೋರ್ಟಿನಲ್ಲಿ ನಡೆಯುತ್ತದೆ. ಸುರಕ್ಷಿತ ಜಾಲತಾಣಗಳು ಬಳಸುವ ಬಾಗಿಲೇ ಅದಾದ್ದರಿಂದ ಹೋಟೆಲುಗಳ ಫೈರ್‌ವಾಲ್‌ ಕೂಡ ಸಾಮಾನ್ಯವಾಗಿ ಅದನ್ನು ತಡೆಯುವುದಿಲ್ಲ. ಯುಡಿಪಿಯಲ್ಲಿ ನಡೆಯಬೇಕಾದ ಕೆಲವು ವಿಪಿಎನ್‌ಗಳು ಕೂಡ ದಾರಿ ಸಿಗದಾಗ ಸದ್ದಿಲ್ಲದೆ ಟಿಸಿಪಿಗೆ ಇಳಿಯುತ್ತವೆ. ಆಗ ಏನಾಗುತ್ತದೆ ನೋಡಿ. ವಿಪಿಎನ್‌ನ ಕಂಪನಿ ಕಡೆಯ ಹೆಬ್ಬಾಗಿಲಾದ ಗೇಟ್‌ವೇಗೆ ಹೋಗಿಬರಲು 200 ಮಿಲಿಸೆಕೆಂಡು ಬೇಕಿದ್ದು, ದಾರಿಯಲ್ಲಿ ಒಂದೇ ಒಂದು ಪ್ಯಾಕೆಟ್ಟು ಕಳೆದುಹೋಯಿತು ಎನ್ನಿ. ಬರಿಯ ಯುಡಿಪಿಯಾಗಿದ್ದರೆ ನಷ್ಟ 20 ಮಿಲಿಸೆಕೆಂಡಿನ ಮಾತು, ಕಿವಿಗೆ ತಿಳಿಯುವುದೂ ಇಲ್ಲ. ಟಿಸಿಪಿಯ ಮೇಲೆ ನಡೆಯುವ ವಿಪಿಎನ್ ಸುರಂಗ ಮಾತ್ರ ಕಳೆದುಹೋದ ತುಣುಕು ಮತ್ತೆ ಬರುವ ತನಕ ಹಿಂದಿನದನ್ನೆಲ್ಲ ತಡೆದು ನಿಲ್ಲಿಸುತ್ತದೆ. 200 ಮಿಲಿಸೆಕೆಂಡಿನಲ್ಲಿ ಹತ್ತು ಪ್ಯಾಕೆಟ್ಟುಗಳು ಸಾಲುಗಟ್ಟಿ, ಆಮೇಲೆ ಒಟ್ಟಿಗೆ ನುಗ್ಗುತ್ತವೆ. ಅಷ್ಟರಲ್ಲಿ ಅವುಗಳ ಗಡುವು ಮುಗಿದಿರುತ್ತದೆ. ಒಂದನ್ನು ಉಳಿಸಲು ಹೋಗಿ ಹತ್ತನ್ನು ಕಳೆದುಕೊಂಡಂತಾಯಿತು. ‘ಒಂದೂ ಕಳೆಯದಂತೆ ತಲುಪಿಸುವುದು ಒಳ್ಳೆಯದಲ್ಲವೇ?’ ಎಂಬ ಆಕ್ಷೇಪಕ್ಕೆ ಈ ಲೆಕ್ಕವೇ ಉತ್ತರ.

ಎರಡನೆಯ ತಡ ಭೂಗೋಳದ್ದು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಅದಕ್ಕಿಂತ ವೇಗವಾಗಿ ಯಾವ ಪ್ಲಾನೂ ಓಡಿಸಲಾರದು. ಪುತ್ತೂರಿನಲ್ಲಿ ಕೂತ ಉದ್ಯೋಗಿ ಬೆಂಗಳೂರಿನ ಸಹೋದ್ಯೋಗಿಯ ಜೊತೆ ಮಾತಾಡುತ್ತಿದ್ದಾರೆ, ಆದರೆ ಕಂಪನಿಯ ವಿಪಿಎನ್ ಗೇಟ್‌ವೇ ಇರುವುದು ಕ್ಯಾಲಿಫೋರ್ನಿಯಾದಲ್ಲಿ ಎಂದುಕೊಳ್ಳಿ. ನೇರ ಗೆರೆ ಎಳೆದರೂ ಇಲ್ಲಿಂದ ಅಲ್ಲಿಗೆ ಹೆಚ್ಚುಕಡಿಮೆ 14,000 ಕಿಲೋಮೀಟರ್, ಅಂದರೆ 70 ಮಿಲಿಸೆಕೆಂಡು. ಮಾತು ಅಲ್ಲಿಗೆ ಹೋಗಿ ಬೆಂಗಳೂರಿಗೆ ಮರಳುವಷ್ಟರಲ್ಲಿ 140 ಆಯಿತು. ಸಮುದ್ರದಡಿಯ ಕೇಬಲ್‌ಗಳ ಸುತ್ತುದಾರಿ, ರೂಟರುಗಳ ಸರದಿ, ಜಿಟ್ಟರ್ ಬಫರಿನ ಕಾಯುವಿಕೆ ಸೇರಿಸಿದರೆ 150ರ ಮಿತಿ ಎಂದೋ ದಾಟಿರುತ್ತದೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆಯುವುದು, ಮತ್ತೆ ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು ಈ ತಡದ ಲಕ್ಷಣ. ಇದರ ದೋಷವನ್ನು ಹಲವರು ಗೂಢಲಿಪೀಕರಣದ ತಲೆಗೆ ಕಟ್ಟುತ್ತಾರೆ. ಸೆಕೆಂಡಿಗೆ 50 ಪುಟ್ಟ ಪ್ಯಾಕೆಟ್ಟುಗಳನ್ನು ಗೂಢಲಿಪಿಗೆ ಇಳಿಸುವುದು ಇಂದಿನ ಲ್ಯಾಪ್‌ಟಾಪ್‌ಗೆ ಲೆಕ್ಕಕ್ಕೇ ಇಲ್ಲದ ಕೆಲಸ. ತಡವಾಗುವುದು ಸುತ್ತುದಾರಿಯಿಂದ.

ಹಾಗಾದರೆ ಕರೆಯನ್ನು ವಿಪಿಎನ್‌ನಿಂದ ಹೊರಗೆ ಬಿಟ್ಟರಾಯಿತೇ? ಸ್ಪ್ಲಿಟ್ ಟನೆಲಿಂಗ್ ಎಂಬ ವ್ಯವಸ್ಥೆ ಮಾಡುವುದು ಅದನ್ನೇ: ಕಂಪನಿಯ ಕಡತಗಳು ಸುರಂಗದಲ್ಲಿ, ಮಾತು ನೇರ ದಾರಿಯಲ್ಲಿ. 2020ರಲ್ಲಿ ಜಗತ್ತೆಲ್ಲ ಒಮ್ಮೆಲೇ ಮನೆಯಿಂದ ಕೆಲಸ ಆರಂಭಿಸಿದಾಗ ಮೈಕ್ರೋಸಾಫ್ಟ್ ತನ್ನ ಟೀಮ್ಸ್ ಕರೆಗಳಿಗೆ ಈ ಮಾರ್ಗವನ್ನೇ ಸಲಹೆ ಮಾಡಿತ್ತು. ಸುರಕ್ಷತೆಯ ಬಗ್ಗೆ ಅನುಮಾನ ಬರುವುದು ಸಹಜ, ಬರಬೇಕು ಕೂಡ. ಆದರೆ ಟೀಮ್ಸ್‌ನಂಥ ಆ್ಯಪ್‌ಗಳಲ್ಲಿ ಮಾತಿಗೆ ಎಸ್‌ಆರ್‌ಟಿಪಿ ಎಂಬ ತನ್ನದೇ ಗೂಢಲಿಪಿಯ ಹೊದಿಕೆಯಿರುತ್ತದೆ. ವಿಪಿಎನ್ ಹೊದಿಸುವುದು ಅದರ ಮೇಲೆ ಎರಡನೆಯದನ್ನು. ಮೇಲಿನದನ್ನು ತೆಗೆದರೂ ಮಾತು ಬಯಲಾಗುವುದಿಲ್ಲ. ಹಳೆಯ ಕಚೇರಿ ಫೋನ್ ವ್ಯವಸ್ಥೆಯಲ್ಲಿ ಈ ಒಳಹೊದಿಕೆ ಇಲ್ಲದಿರಬಹುದು, ಅಲ್ಲಿ ಮಾತು ಸುರಂಗದಲ್ಲೇ ಸಾಗಬೇಕು. ಕರೆಗಳು ತಮ್ಮ ನಿಗಾದಲ್ಲೇ ಇರಬೇಕಾದ ಸಂಸ್ಥೆಗಳಿಗೂ ಸ್ಪ್ಲಿಟ್ ಟನೆಲಿಂಗ್ ಹೊಂದದು. ಅಂಥವರಿಗೆ ಸರಿಯಾದ ಪರಿಹಾರ ಭಾರತದಲ್ಲೇ ಒಂದು ಗೇಟ್‌ವೇ ಮತ್ತು ಯುಡಿಪಿ ಸುರಂಗ. ಯಾವುದನ್ನು ಆರಿಸುವುದಾದರೂ ಅದು ಐಟಿ ವಿಭಾಗದ ತೀರ್ಮಾನ, ಉದ್ಯೋಗಿ ತಾನೇ ವಿಪಿಎನ್ ತಿದ್ದಲು ಹೋಗಬಾರದು.

ಹಾಗೆಂದು ಎಲ್ಲ ತಪ್ಪೂ ಕಂಪನಿಯದಲ್ಲ. ಮನೆಯ ರೂಟರಿನಲ್ಲೇ ಸೆಕೆಂಡುಗಟ್ಟಲೆ ತಡ ಹುಟ್ಟಬಹುದು. ಅಪ್‌ಲೋಡ್ ಮಿತಿ 5 ಎಂಬಿಪಿಎಸ್ ಇರುವ ಮನೆಯಲ್ಲಿ ಯಾರದೋ ಮೊಬೈಲು ಫೋಟೊಗಳನ್ನು ಕ್ಲೌಡ್‌ಗೆ ಏರಿಸತೊಡಗುತ್ತದೆ. ರೂಟರು ಒಂದು ಮೆಗಾಬೈಟ್‌ನಷ್ಟನ್ನು ಸರದಿಯಲ್ಲಿ ಇಟ್ಟುಕೊಂಡರೆ, ಅದರ ಹಿಂದೆ ನಿಂತ ಮಾತಿನ ಪ್ಯಾಕೆಟ್ಟು 1.6 ಸೆಕೆಂಡು ಕಾಯಬೇಕು. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಇದಕ್ಕೆ ಕೊಡೆಲ್ ಎಂಬ ಪರಿಹಾರ ಕೊಟ್ಟರು. ಪ್ಯಾಕೆಟ್ಟು ಸರದಿಯಲ್ಲಿ ಎಷ್ಟು ಹೊತ್ತು ಕಾದಿದೆ ಎಂಬುದನ್ನು ನೋಡಿ ಸರದಿಯನ್ನು ಹತೋಟಿಯಲ್ಲಿಡುವ ವಿಧಾನ ಅದು. ಅದರ ಮುಂದುವರಿದ ರೂಪಗಳು ಎಸ್‌ಕ್ಯುಎಂ ಎಂಬ ಹೆಸರಿನಲ್ಲಿ ಕೆಲವು ರೂಟರುಗಳಲ್ಲಿವೆ. ಅದಿಲ್ಲದವರು ಮೀಟಿಂಗ್ ಹೊತ್ತಿನಲ್ಲಿ ಬ್ಯಾಕಪ್ ನಿಲ್ಲಿಸಿದರೂ ಬಹಳಷ್ಟು ಸುಧಾರಿಸುತ್ತದೆ. ಇನ್ನು ವೈಫೈ: ನೆರೆಮನೆಗಳ ಸಿಗ್ನಲ್ ತುಂಬಿದ 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಬದಲಾಗುವುದು ಒಳ್ಳೆಯದು, ಕೇಬಲ್ ಎಳೆದು ನೇರ ಜೋಡಿಸುವುದು ಇನ್ನೂ ಒಳ್ಳೆಯದು.

ಯಾವುದು ತಪ್ಪಿತಸ್ಥ ಎಂದು ತಿಳಿಯಲು ಪಿಂಗ್ ಎಂಬ ಹಳೆಯ ಆಜ್ಞೆ ಸಾಕು. ಮೊದಲು ನಿಮ್ಮ ರೂಟರನ್ನೇ ಪಿಂಗ್ ಮಾಡಿ. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಸ್ಥಿರವಾಗಿ ಬರಬೇಕು, ಒಮ್ಮೆ 3, ಒಮ್ಮೆ 120 ಎಂದು ಜಿಗಿದರೆ ದೋಷ ವೈಫೈಯಲ್ಲಿದೆ. ಆಮೇಲೆ ವಿಪಿಎನ್ ಇಲ್ಲದೆ ಹೊರಗಿನ ಯಾವುದಾದರೂ ವಿಳಾಸಕ್ಕೆ, ನಂತರ ವಿಪಿಎನ್ ಹಾಕಿ ಕಂಪನಿಯೊಳಗಿನ ವಿಳಾಸಕ್ಕೆ. ಎರಡರ ನಡುವಿನ ಅಂತರ ಬಹುಮಟ್ಟಿಗೆ ವಿಪಿಎನ್‌ನ ಸುತ್ತುದಾರಿಯ ಬೆಲೆ. ಕೊನೆಗೆ ದೊಡ್ಡ ಫೈಲೊಂದನ್ನು ಏರಿಸುತ್ತಾ ಮತ್ತೆ ಅಳೆಯಿರಿ. ಸಂಖ್ಯೆ ನೂರಾರಕ್ಕೆ ಹಾರಿದರೆ ಅದು ಬಫರ್‌ಬ್ಲೋಟ್. ಒಂದು ಕಡೆಗೆ ಮಾತ್ರ ಮಾತು ಕೇಳಿಸುತ್ತಿದ್ದರೆ ಇದಾವುದೂ ಅಲ್ಲ, ಎಲ್ಲೋ ಫೈರ್‌ವಾಲ್ ಅಥವಾ ವಿಳಾಸ ಬದಲಿಸುವ ನ್ಯಾಟ್ ಅಡ್ಡಗಟ್ಟುತ್ತಿದೆ. ನಿಮ್ಮದೇ ದನಿ ನಿಮಗೆ ಮರುಕಳಿಸುತ್ತಿದ್ದರೆ ಅದು ಹುಟ್ಟುವುದು ಸಾಮಾನ್ಯವಾಗಿ ಎದುರಿನವರ ಸ್ಪೀಕರ್ ಮತ್ತು ಮೈಕಿನ ನಡುವೆ. ಅವರು ಹೆಡ್‌ಸೆಟ್ ಹಾಕಿಕೊಂಡರೆ ಮುಗಿಯಿತು.

ಐಟಿ ವಿಭಾಗದವರಲ್ಲಿ ಒಂದು ವಿನಂತಿ: ದೂರು ಬಂದಾಗ ಉದ್ಯೋಗಿಯ ಸ್ಪೀಡ್ ಟೆಸ್ಟ್ ಕೇಳುವ ಮೊದಲು ನಿಮ್ಮ ಸುರಂಗ ಯುಡಿಪಿಯೋ ಟಿಸಿಪಿಯೋ, ಗೇಟ್‌ವೇ ಎಷ್ಟು ದೂರದಲ್ಲಿದೆ ಎಂದು ನೋಡಿಕೊಳ್ಳಿ. ಉದ್ಯೋಗಿಗಳೂ ‘ನೆಟ್ ಸ್ಲೋ’ ಎಂದಷ್ಟೇ ಬರೆದು ಕಳುಹಿಸಬೇಡಿ. ವಿಳಂಬ, ಅದರ ಏರಿಳಿತ, ಕಳೆದುಹೋದ ಪ್ಯಾಕೆಟ್ಟುಗಳ ಪ್ರಮಾಣ, ಈ ಮೂರು ಅಂಕಿಗಳನ್ನು ವಿಪಿಎನ್ ಇದ್ದಾಗ ಮತ್ತು ಇಲ್ಲದಾಗ ಅಳೆದು ದೂರಿನ ಜೊತೆ ಕಳುಹಿಸಿ. ದುಬಾರಿ ಪ್ಲಾನಿನ ಯೋಚನೆ ಅದಾದ ಮೇಲಿರಲಿ.