ಒತ್ತಿನೆಣೆಯಲ್ಲಿ ಸೂರ್ಯಾಸ್ತ

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಸೂರ್ಯನು ಅಸ್ತಮಿಸುವುದು ಯಾರಿಗೂ ಒಂದು ವಿಶೇಷವಲ್ಲ. ರೈಲು ಇಳಿದು ಬರುವವರ ಗದ್ದಲ, ಅಂಗಡಿಗಳ ದೀಪ, ವಾಹನಗಳ ಧೂಳು ಇವುಗಳ ನಡುವೆ ಕೆಂಪಾದ ಬಿಂಬವೊಂದು ಮಾಳಿಗೆಗಳ ಹಿಂದೆ ಸರಿದುಹೋಗುತ್ತದೆ. ಸಂಜೆಯಾಯಿತೆಂಬುದು ದೀಪ ಹಚ್ಚುವಾಗ ಮಾತ್ರ ನಮ್ಮ ಅರಿವಿಗೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 450 ಮೀಟರು ಎತ್ತರದ ಬಯಲಿನಲ್ಲಿ ವಾಸಿಸುವ ನಮಗೆ ಕಡಲೆಂಬುದು ಕೇಳಿದ ಸುದ್ದಿಯೇ ಹೊರತು ಕಂಡ ವಸ್ತುವಲ್ಲ.

ಈ ಊರಿಗೂ ಕಡಲಿಗೂ ಸಂಬಂಧವಿಲ್ಲವೆಂದು ಮಾತ್ರ ಹೇಳಲಾಗದು. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾದ ಮೇಲೆ ಕಲಬುರಗಿಯು ಅದರ ರಾಜಧಾನಿಯಾಯಿತು. ಆ ವಂಶದ ಅರಸನೊಬ್ಬನು ಪಾರಸಿಕ ಕವಿ ಹಾಫಿಜನನ್ನು ತನ್ನ ಆಸ್ಥಾನಕ್ಕೆ ಆಹ್ವಾನಿಸಿದನೆಂದೂ, ಕವಿಯು ಹೋರ್ಮುಜಿನವರೆಗೆ ಬಂದು ಹಡಗನ್ನೇರಿ, ಬಿರುಗಾಳಿಯನ್ನು ಕಂಡು ಹೆದರಿ ಹಿಂದಿರುಗಿದನೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಕಡಲಿಗೆ ಅಂಜಿ ಕಲಬುರಗಿಗೆ ಬಾರದೆ ಹೋದವನು ಆ ಕವಿಯಾದರೆ, ಕಲಬುರಗಿಯಿಂದ ಕಡಲನ್ನು ನೋಡಲೆಂದೇ ಹೊರಟವರು ನಾವು.

ನಾವು ಆರಿಸಿಕೊಂಡ ಸ್ಥಳ ಉಡುಪಿ ಜಿಲ್ಲೆಯ ಬೈಂದೂರಿನ ಬಳಿಯ ಒತ್ತಿನೆಣೆ. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಬರುವವರು ಮೂಕಾಂಬಿಕಾ ರಸ್ತೆ ಬೈಂದೂರು ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿ ಇಳಿಯುವವರಲ್ಲಿ ಬಹುಮಂದಿ ಕೊಲ್ಲೂರಿನ ಯಾತ್ರಿಕರು. ಹೆದ್ದಾರಿಯ ಪಕ್ಕದಲ್ಲಿ, ಕಡಲಿನ ಕಡೆಗೆ ಇಳಿಯುವ ಜಂಬಿಟ್ಟಿಗೆಯ ಗುಡ್ಡವೇ ಒತ್ತಿನೆಣೆ. ಕೆಳಗೆ ಸೋಮೇಶ್ವರದ ಮರಳತೀರ. ಸಮೀಪದಲ್ಲಿ ಸುಮನಾ ನದಿಯು ಕಡಲನ್ನು ಸೇರುವ ಅಳಿವೆ. ಅರಣ್ಯ ಇಲಾಖೆಯವರು ಇಲ್ಲಿಯ ತಂಗುದಾಣಕ್ಕೆ ಕ್ಷಿತಿಜ ನೇಸರ ಧಾಮವೆಂದು ಹೆಸರಿಟ್ಟಿರುವುದು ಉಚಿತವಾಗಿಯೇ ಇದೆ.

ನಾವು ಅಲ್ಲಿ ನಿಂತದ್ದು ಡಿಸೆಂಬರ್ ತಿಂಗಳ ಒಂದು ಸಂಜೆ. ಸೂರ್ಯನು ಇನ್ನೂ ನೀರಿನ ಮೇಲೆ ಮೂರು ನಾಲ್ಕು ಬಿಂಬಗಳಷ್ಟು ಎತ್ತರದಲ್ಲಿದ್ದನು. ಮನೆಯಿಂದ ಹೊರಗೆ ಹೆಚ್ಚು ಓಡಾಡಲಾರದ, ಕಡಲನ್ನು ಎಂದೂ ಕಾಣದ ನಮ್ಮ ತಾಯಿಯವರಿಗೆ ಆಗಲೇ ದೂರವಾಣಿ ಮಾಡಿ, “ಇಗೋ, ಇನ್ನೇನು ಮುಳುಗುತ್ತಾನೆ” ಎಂದೆವು. ಅವರು, “ಇಲ್ಲಿ ಹೊತ್ತು ಮುಳುಗ್ಯಾದ, ದೀಪಾನೂ ಹಚ್ಚೀನಿ” ಎಂದರು. ಒಬ್ಬನೇ ಸೂರ್ಯ, ಒಂದೇ ರಾಜ್ಯ, ಗಡಿಯಾರದಲ್ಲಿಯೂ ಒಂದೇ ಕಾಲ; ಹಾಗಿದ್ದೂ ಅಲ್ಲಿ ರಾತ್ರಿ, ಇಲ್ಲಿ ಹಗಲು! ಈ ಭಾಷಣದ ವಿಷಯವೆಲ್ಲವೂ ತಾಯಿಯವರ ಆ ಒಂದು ಮಾತಿನಿಂದ ಹುಟ್ಟಿದುದು.

ಕಾರಣವನ್ನು ನೋಡೋಣ. ಬೈಂದೂರು ಕಲಬುರಗಿಗಿಂತ ಸುಮಾರು ಎರಡೂಕಾಲು ರೇಖಾಂಶದಷ್ಟು ಪಶ್ಚಿಮಕ್ಕಿದೆ. ಭೂಮಿಯು ಒಂದು ರೇಖಾಂಶದಷ್ಟು ತಿರುಗಲು ನಾಲ್ಕು ನಿಮಿಷ ಬೇಕು. ಆದುದರಿಂದ ಹಗಲಿರುಳುಗಳು ಸಮನಾಗಿರುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಕಲಬುರಗಿಯ ಸೂರ್ಯಾಸ್ತಕ್ಕೂ ಬೈಂದೂರಿನ ಸೂರ್ಯಾಸ್ತಕ್ಕೂ ಒಂಬತ್ತು ನಿಮಿಷಗಳ ಅಂತರ. ಕಲಬುರಗಿಯು ಮೂರೂವರೆ ಅಕ್ಷಾಂಶದಷ್ಟು ಉತ್ತರಕ್ಕೂ ಇರುವುದರಿಂದ ಚಳಿಗಾಲದಲ್ಲಿ ಅಲ್ಲಿಯ ಹಗಲು ಇನ್ನಷ್ಟು ಕಿರಿದು. ಹೀಗಾಗಿ ಡಿಸೆಂಬರಿನಲ್ಲಿ ಈ ಅಂತರವು ಕಾಲು ಗಂಟೆಯಾಗುತ್ತದೆ. ಜೂನಿನಲ್ಲಿ ಎರಡು ನಿಮಿಷಕ್ಕೆ ಇಳಿಯುತ್ತದೆ.

ಇನ್ನು ಬಿಂಬದ ಕಡೆಗೆ ತಿರುಗೋಣ. ಸೂರ್ಯನ ಕೆಳಗಿನ ಅಂಚು ನೀರನ್ನು ಮುಟ್ಟಿತೆಂದು ನಮ್ಮ ಕಣ್ಣು ಹೇಳುವ ಕ್ಷಣದಲ್ಲಿ ಸೂರ್ಯನು ವಾಸ್ತವವಾಗಿ ಸಂಪೂರ್ಣವಾಗಿ ಮುಳುಗಿಹೋಗಿರುತ್ತಾನೆ! ವಾಯುಮಂಡಲವು ಬೆಳಕನ್ನು ಬಾಗಿಸಿ, ದಿಗಂತದ ಕೆಳಗಿರುವ ಬಿಂಬವನ್ನು ಮೇಲೆತ್ತಿ ತೋರಿಸುತ್ತದೆ. ಹೀಗೆ ಎತ್ತುವ ಪ್ರಮಾಣ ದಿಗಂತದಲ್ಲಿ ಸುಮಾರು 34 ಕಲೆಗಳು. ಬಿಂಬದ ಅಗಲವಾದರೋ 32 ಕಲೆಗಳು ಮಾತ್ರ. ಮೇಲಿನ ಅಂಚಿಗಿಂತ ಕೆಳಗಿನ ಅಂಚು ಹೆಚ್ಚು ಎತ್ತಲ್ಪಡುವುದರಿಂದಲೇ ಮುಳುಗುವ ಸೂರ್ಯನು ದುಂಡಗಿರದೆ ಒತ್ತಿದ ಹಣ್ಣಿನಂತೆ ಚಪ್ಪಟೆಯಾಗಿ ಕಾಣುತ್ತಾನೆ. ಅಂಚು ನೀರಿಗೆ ತಾಗಿದಂದಿನಿಂದ ಬಿಂಬವು ಪೂರ್ಣವಾಗಿ ಮರೆಯಾಗಲು ನಮ್ಮ ಸೀಮೆಯಲ್ಲಿ ಎರಡೂಕಾಲು ನಿಮಿಷದಷ್ಟು ಕಾಲ ಹಿಡಿಯುತ್ತದೆ.

ಎತ್ತರಕ್ಕೂ ಇಲ್ಲಿ ಬೆಲೆಯುಂಟು. ಮರಳಿನ ಮೇಲೆ ಮಲಗಿ ಸೂರ್ಯಾಸ್ತವನ್ನು ನೋಡಿ, ಕೊನೆಯ ಕಿರಣ ಮರೆಯಾದೊಡನೆ ಥಟ್ಟನೆ ಎದ್ದುನಿಂತರೆ ಹತ್ತು ಸೆಕೆಂಡಿನಷ್ಟು ಸೂರ್ಯನು ಮತ್ತೆ ಕಾಣಸಿಗುತ್ತಾನೆ. ನಿಂತವನಿಗೆ ಐದು ಕಿಲೋಮೀಟರು ದೂರದಲ್ಲಿರುವ ಕಡಲಂಚು, ಮೂವತ್ತು ಮೀಟರು ಎತ್ತರದ ಗುಡ್ಡದ ಮೇಲಿರುವವನಿಗೆ ಇಪ್ಪತ್ತು ಕಿಲೋಮೀಟರು ಆಚೆಗೆ ಸರಿಯುತ್ತದೆ. ಅವನಿಗೆ ದೊರೆಯುವ ಹೆಚ್ಚಿನ ಹಗಲು ಸುಮಾರು ನಾಲ್ವತ್ತು ಸೆಕೆಂಡು. ಆರುನೂರು ಮೀಟರಿಗೂ ಮಿಕ್ಕ ಎತ್ತರದ ಆಗುಂಬೆಯಲ್ಲಿ ನಿಂತು ದೂರದ ಕಡಲಿನಲ್ಲಿ ಸೂರ್ಯಾಸ್ತವನ್ನು ನೋಡುವವರಿಗೆ ಹತ್ತಿರಹತ್ತಿರ ಮೂರು ನಿಮಿಷ.

ಬಣ್ಣದ ಮಾತು ಬೇರೆ. ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ಚದರಿಸುತ್ತವೆ. ನೆತ್ತಿಯ ಮೇಲಿನ ಸೂರ್ಯನ ಬೆಳಕು ದಾಟಿ ಬರುವ ಗಾಳಿಗಿಂತ ದಿಗಂತದ ಸೂರ್ಯನ ಬೆಳಕು ದಾಟುವ ಗಾಳಿ ಸುಮಾರು 38 ಪಟ್ಟು ಹೆಚ್ಚು. ದಾರಿಯಲ್ಲಿ ನೀಲಿಯು ಚದರಿಹೋಗಿ ಕೆಂಪು ಉಳಿಯುತ್ತದೆ. ಧೂಳು ಸೇರಿದರೆ ಕೆಂಪು ಇನ್ನೂ ಗಾಢವಾಗುತ್ತದೆ. ಹಸುಗಳ ಕಾಲ್ಧೂಳಿನಿಂದ ಸಂಜೆಗೆ ಗೋಧೂಳಿಯೆಂದು ಹೆಸರಿಟ್ಟವರು ನಮ್ಮಂತಹ ಬಯಲಿನವರೇ ಇರಬೇಕು. 1883ರಲ್ಲಿ ಕ್ರಾಕಟೋವ ಜ್ವಾಲಾಮುಖಿಯು ಸಿಡಿದಾಗ ಅದರ ಸೂಕ್ಷ್ಮಧೂಳು ಮೇಲಿನ ವಾಯುವಿನಲ್ಲಿ ಹರಡಿ, ತಿಂಗಳುಗಟ್ಟಲೆ ಲೋಕದ ನಾನಾ ಕಡೆಗಳಲ್ಲಿ ಸಂಜೆಗಳು ರಕ್ತವರ್ಣವಾಗಿದ್ದವು. ಕಡಲಿನ ನೀಲಿಯು ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರು ತಾನೇ ಬೆಳಕನ್ನು ಚದರಿಸುವುದೂ ಅದಕ್ಕೆ ಕಾರಣವೆಂದು 1921ರ ಸಮುದ್ರಯಾನದಲ್ಲಿ ಮನಗಂಡವರು, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸರ್ ಸಿ. ವಿ. ರಾಮನ್ ಅವರು.

ಅಂದು ಒತ್ತಿನೆಣೆಯಲ್ಲಿ ನಮ್ಮೊಡನೆ ಹತ್ತಿಪ್ಪತ್ತು ಜನರಿದ್ದರು. ಬಿಂಬದ ಕೊನೆಯ ಚೂರು ಮರೆಯಾದದ್ದೇ ತಡ, ಎಲ್ಲರೂ ಎದ್ದು ಬಟ್ಟೆ ಕೊಡವಿ ಹೊರಟರು. ನಾವೂ ಹೊರಟೆವು. ಹೊರಡಲು ಪೂರ್ವಕ್ಕೆ ತಿರುಗಬೇಕಷ್ಟೆ. ತಿರುಗಿದವರು ಅಲ್ಲಿಯೇ ನಿಂತೆವು. ಘಟ್ಟದ ಶಿಖರಗಳ ಮೇಲೆ ಇನ್ನೂ ಬಿಸಿಲಿತ್ತು. ತಪ್ಪಲಿನಲ್ಲಿ ಕತ್ತಲು ತುಂಬುತ್ತಿತ್ತು. ಬಿಸಿಲು ಮಾತ್ರ 1343 ಮೀಟರು ಎತ್ತರದ ಕೊಡಚಾದ್ರಿಯ ಕಡೆ ಮೇಲುಮೇಲಕ್ಕೆ ಹತ್ತುತ್ತ, ಕೆಲವು ನಿಮಿಷಗಳಲ್ಲಿ ಅಲ್ಲಿಂದಲೂ ಜಾರಿತು. ಆಮೇಲೆ ಬೆಟ್ಟಗಳ ಹಿಂದಿನಿಂದ ಬೂದಿಮಿಶ್ರಿತ ನೀಲಿಯ ಪಟ್ಟಿಯೊಂದು ಮೆಲ್ಲನೆ ಏಳತೊಡಗಿತು. ಅದರ ನೆತ್ತಿಯ ಮೇಲೆ ನಸುಗೆಂಪು ಅಂಚು. ಮೋಡವೆಂದು ಮೊದಲು ಭ್ರಮಿಸಿದೆವು. ಅದು ಮೋಡವಲ್ಲ, ಭೂಮಿಯ ನೆರಳು. ಸೂರ್ಯನಿಗೆ ಬೆನ್ನು ಹಾಕಿದ ಭೂಮಿಯು ತನ್ನ ವಾಯುಮಂಡಲದ ಮೇಲೆಯೇ ಕೆಡವಿದ ನೆರಳು. ಚಂದ್ರಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವುದೂ ಇದೇ ನೆರಳು. ಗ್ರಹಣಕ್ಕಾಗಿ ಕಾಯುವ ನಾವು, ನಿರ್ಮಲವಾದ ಸಂಜೆಗಳಲ್ಲೆಲ್ಲ ಬೆನ್ನ ಹಿಂದೆಯೇ ಏಳುವ ಇದನ್ನು ನೋಡಲಿಲ್ಲವಲ್ಲ!

ನಮ್ಮ ಅಕ್ಷಾಂಶಗಳಲ್ಲಿ ಈ ನೆರಳು ನೆಲದ ಮೇಲೆ ನಿಮಿಷಕ್ಕೆ ಸುಮಾರು 27 ಕಿಲೋಮೀಟರು ವೇಗದಿಂದ ಪಶ್ಚಿಮಕ್ಕೆ ಸಾಗುತ್ತದೆ. ಒತ್ತಿನೆಣೆಯಲ್ಲಿ ನಮ್ಮ ಕಡೆಗೆ ಬರುತ್ತಿದ್ದ ನೆರಳು ಕಾಲು ಗಂಟೆಯ ಹಿಂದೆ ಸ್ಟೇಶನ್ ಬಜಾರವನ್ನು ಹಾಯ್ದು, ತಾಯಿಯವರ ಕೈಯಿಂದ ದೀಪ ಹಚ್ಚಿಸಿ ಬಂದುದಾಗಿತ್ತು. ಸಂಜೆಯೆಂದರೆ ಬೆಳಕು ಹೋಗುವುದೆಂದು ತಿಳಿದಿದ್ದೆವು. ರಾತ್ರಿಯು ಬರುವುದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಆದುದರಿಂದ ಇಂತಹ ಸ್ಥಳಗಳಿಗೆ ಹೋಗುವ ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಸೂರ್ಯನು ಮುಳುಗಿದ ಮೇಲೆ ಒಂದು ಗಳಿಗೆ, ಎಂದರೆ 24 ನಿಮಿಷ, ಅಲ್ಲಿಯೇ ಇರಿ. ಮೊದಲರ್ಧ ಪೂರ್ವವನ್ನು ನೋಡಿ. ಅಷ್ಟರಲ್ಲಿ ನೆರಳು ಆಕಾಶದ ನೀಲಿಯಲ್ಲಿ ಬೆರೆತುಹೋಗುತ್ತದೆ. ಉಳಿದರ್ಧ ಪಶ್ಚಿಮಕ್ಕೆ ತಿರುಗಿದರೆ, ಹೋದ ಬಣ್ಣವು ಎಷ್ಟೋ ಸಂಜೆಗಳಲ್ಲಿ ನೇರಳೆಗೆಂಪಾಗಿ ಮರಳಿ ಬರುತ್ತದೆ. ಪ್ರಖರನಾಗಿರುವ ಸೂರ್ಯನನ್ನು ನೆಟ್ಟ ನೋಟದಿಂದ ನೋಡಬೇಡಿ. ದುರ್ಬೀನಿನಿಂದಂತೂ ಎಂದಿಗೂ ಕೂಡದು, ಕಣ್ಣಿಗೆ ಶಾಶ್ವತವಾದ ಹಾನಿಯಾದೀತು. ಮಳೆಗಾಲದಲ್ಲಿ ಅಲೆ ಬಡಿಯುವ ಬಂಡೆಗಳ ಮೇಲೆ ಕಾಲಿಡಬೇಡಿ. ಕತ್ತಲಲ್ಲಿ ಇಳಿಯಲು ಕೈದೀಪವೊಂದು ಜೊತೆಯಲ್ಲಿರಲಿ.

ಕಲಬುರಗಿಗೆ ಮರಳಿದ ಮೇಲೆ, ಒಂದು ಸಂಜೆ ಗಾಳಿಯಲ್ಲಿ ಧೂಳು ಕಡಿಮೆಯಿದ್ದಾಗ, ತಾಯಿಯವರನ್ನು ಮೆಲ್ಲನೆ ಮಾಳಿಗೆಗೆ ಕರೆದೊಯ್ದೆವು. ಕಾಲ ಕೆಳಗೆ ನಮ್ಮೂರಿನ ಮನೆಗಳಲ್ಲೆಲ್ಲ ಕಾಣುವ ಶಹಾಬಾದ ಕಲ್ಲಿನ ಪರಸಿ. ಕೋಟ್ಯಂತರ ವರ್ಷಗಳ ಹಿಂದೆ ಈ ಸೀಮೆಯನ್ನು ಮುಚ್ಚಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ಕೂಡಿದ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇದನ್ನು ತಿಳಿಸಿದಾಗ ತಾಯಿಯವರು ಬಗ್ಗಿ ಕಲ್ಲನ್ನು ಮುಟ್ಟಿ ನೋಡಿದರು. ಸೂರ್ಯನು ಮನೆಗಳ ಹಿಂದೆ ಇಳಿದನು. ಅವರನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದೆವು. ತಂತಿಗಳ, ನೀರಿನ ತೊಟ್ಟಿಗಳ ಆಚೆಗೆ ಆ ನೀಲಿಯ ಪಟ್ಟಿಯು ಎದ್ದಿತು. ತಾಯಿಯವರು ಬಹಳ ಹೊತ್ತು ನೋಡಿ, “ಇದು ನಿಮಗೆ ಅಲ್ಲಿ ಕಂಡಿದ್ದೇ ಏನು?” ಎಂದು ಕೇಳಿದರು. ಅದೇ ಎಂದೆವು. ಆ ದಿನ ನಮ್ಮ ಮನೆಯಲ್ಲಿ ದೀಪ ಹಚ್ಚುವುದು ಒಂದು ಗಳಿಗೆ ತಡವಾಯಿತು.