ಬೆಟ್ಟದ ಜಾತ್ರೆಯಲ್ಲಿ ತಣ್ಣಗೆ ಒಂದು ಲೋಟ

ಬೇಸಿಗೆಯ ಮಧ್ಯಾಹ್ನ, ಬೆಟ್ಟ, ಮರದ ನೆರಳು, ಕೈಯಲ್ಲಿ ತಣ್ಣನೆಯ ಬಿಯರ್. ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ 1755ರಲ್ಲಿ ಶುರುವಾದ ಹಬ್ಬ ಇದು. ಹೆಸರು ಬೆರ್ಗ್‌ಕಿರ್ಖ್‌ವೈ. ಬೆರ್ಗ್ ಅಂದ್ರೆ ಬೆಟ್ಟ, ಕಿರ್ಖ್‌ವೈ ಅಂದ್ರೆ ಚರ್ಚಿನ ವಾರ್ಷಿಕ ಹಬ್ಬ. ನಮ್ಮ ಮಾತಲ್ಲಿ ಹೇಳೋದಾದ್ರೆ ‘ಬೆಟ್ಟದ ಜಾತ್ರೆ’, ಅಷ್ಟೇ!

ಅಂಥ ಬೆಟ್ಟದ ಜಾತ್ರೆ ನಮಗೂ ಇದೆ. ಯಳಂದೂರು ತಾಲ್ಲೂಕಿನ ಮಾಂಬಳ್ಳಿ, ಅಗರದ ಕಡೆಯ ಜನ ವೈಶಾಖದ ಬಿಸಿಲಲ್ಲಿ ಬಿಳಿಗಿರಿರಂಗನ ಬೆಟ್ಟ ಹತ್ತುತ್ತಾರೆ. ರಂಗನಾಥ ಸೋಲಿಗರಿಗೆ ಬರೀ ದೇವರಲ್ಲ, ಭಾವ. ಅವರ ಮನೆಮಗಳು ಕುಸುಮಾಲೆಯನ್ನು ಮದುವೆಯಾದವನು ಅನ್ನೋದು ಅವರ ನಂಬಿಕೆ. ಬಿಯರ್ ಜಾಗದಲ್ಲಿ ಇಲ್ಲಿರೋದು ಅರವಟ್ಟಿಗೆಯ ಪಾನಕ, ನೀರುಮಜ್ಜಿಗೆ.

ಎರಡೂ ಜಾತ್ರೆಗಳ ಹಿಂದೆ ಒಂದೇ ಪ್ರಶ್ನೆ ಇದೆ: ಫ್ರಿಜ್ ಇಲ್ಲದೆ ಪಾನೀಯವನ್ನು ತಂಪಾಗಿಡೋದು ಹೇಗೆ?

ಎರ್ಲಾಂಗೆನ್‌ನವರು ಬೆಟ್ಟವನ್ನೇ ಕೊರೆದು ನೆಲಮಾಳಿಗೆ ಮಾಡಿದರು. ನೆಲದೊಳಗೆ ಕೆಲವು ಮೀಟರ್ ಹೋದರೆ ಬೇಸಿಗೆ, ಚಳಿಗಾಲದ ಏರಿಳಿತ ತಟ್ಟುವುದಿಲ್ಲ. ಅಲ್ಲಿನ ಉಷ್ಣಾಂಶ ಆ ಊರಿನ ವರ್ಷದ ಸರಾಸರಿಗೆ ಹತ್ತಿರವಿರುತ್ತದೆ, ಅಂದರೆ 10 ಡಿಗ್ರಿ ಆಸುಪಾಸು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಬಿಯರ್ ತಯಾರಕರಿಗಾಗಿ ಶೀತಲೀಕರಣ ಯಂತ್ರ ರೂಪಿಸುವವರೆಗೆ ಇಂಥ ಮಾಳಿಗೆಗಳೇ ಗತಿ. ನಾವು ಥರ್ಮೋ ಪರೀಕ್ಷೆಗೆ ಉರು ಹೊಡೆಯುವ ರೆಫ್ರಿಜರೇಶನ್ ಸೈಕಲ್ ಬೆಳೆದಿದ್ದರಲ್ಲಿ ಬಿಯರ್‌ಗೂ ಪಾಲಿದೆ ನೋಡಿ.

ಹಾಗಾದ್ರೆ ಯಳಂದೂರಲ್ಲೂ ಮಾಳಿಗೆ ತೋಡಬಹುದಲ್ವಾ? ತೋಡಬಹುದು, ಆದರೆ ತಂಪಾಗಲ್ಲ. ನಮ್ಮ ಕಡೆ ವರ್ಷದ ಸರಾಸರಿಯೇ 25 ಡಿಗ್ರಿ ಹತ್ತಿರ. ನಮಗೆ ಬೇಕಾದದ್ದು ಬೇರೆ ಉಪಾಯ, ಅದೇ ಮಣ್ಣಿನ ಮಡಕೆ.

ಮಡಕೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 4,200 ಜೂಲ್. ಆವಿಯ ಶಾಖವೆಲ್ಲ ಒಳಗಿನ ನೀರಿನಿಂದಲೇ ಹೋಯಿತು ಅಂದುಕೊಳ್ಳಿ. ಬರೀ 10 ಗ್ರಾಂ ಆವಿಯಾದರೆ ಒಂದು ಲೀಟರ್ ನೀರು ಐದೂವರೆ ಡಿಗ್ರಿಗಿಂತ ಹೆಚ್ಚು ತಂಪಾಗಬೇಕು. ಹೊರಗಿನ ಬಿಸಿಯೂ ಒಳಗೆ ಬರುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ. ಮಿತಿಯೂ ಇದೆ: ಗಾಳಿ 35 ಡಿಗ್ರಿ, ತೇವಾಂಶ ಶೇ. 40 ಇದ್ದರೆ ಮಡಕೆ ಎಷ್ಟೇ ಒಳ್ಳೆಯದಾದರೂ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋಗಲ್ಲ. ಅದಕ್ಕೇ ಮಡಕೆ ಒಣ ಬೇಸಿಗೆಯ ಗೆಳೆಯ, ಮಳೆಗಾಲದಲ್ಲಿ ಸೋಮಾರಿ.

ಇನ್ನು ಲೋಟದೊಳಗಿನ ವಿಷಯ. ಬಿಯರ್‌ನಲ್ಲೂ ಮಜ್ಜಿಗೆಯಲ್ಲೂ ಕೆಲಸ ಮಾಡೋದು ಸೂಕ್ಷ್ಮಜೀವಿಗಳೇ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ, ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಬಿಸಿಲಲ್ಲಿ ವ್ಯತ್ಯಾಸ ದೊಡ್ಡದು. ದೇಹದಲ್ಲಿ ನೀರು ಉಳಿಸಿಕೊಳ್ಳಲು ಹೇಳುವ ಹಾರ್ಮೋನನ್ನು ಆಲ್ಕೋಹಾಲ್ ತಗ್ಗಿಸುತ್ತದೆ. ಬೆವರಿನ ಜೊತೆ ಮೂತ್ರದಲ್ಲೂ ನೀರು ಹೋಗುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ ಬೆವರಲ್ಲಿ ಹೋದದ್ದನ್ನು ವಾಪಸ್ ಕೊಡುತ್ತದೆ. ಬೆಲ್ಲದ ಪಾನಕಕ್ಕೆ ಚಿಟಿಕೆ ಉಪ್ಪು ಬಿದ್ದರೆ ಇನ್ನೂ ಒಳ್ಳೆಯದು. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಹೋಗುವಾಗ ನೀರನ್ನೂ ಎಳೆದೊಯ್ಯುತ್ತವೆ. ಓಆರ್‌ಎಸ್ ಪೊಟ್ಟಣದ ತತ್ವವೂ ಇದೇ. ಆದರೆ ವಾಂತಿ ಭೇದಿಯಾದವರಿಗೆ ಅಳತೆ ಸರಿಯಿರುವ ಓಆರ್‌ಎಸ್ಸೇ ಕೊಡಬೇಕು, ಪಾನಕ ಸಾಲದು.

ಸಾವಿರ ಮೀಟರ್ ಏರಿದರೆ ಗಾಳಿ ಸರಾಸರಿ 6.5 ಡಿಗ್ರಿ ತಂಪಾಗುತ್ತದೆ. ಬೆಟ್ಟದ ಮೇಲೆ ಹಾಯ್ ಅನ್ನಿಸೋದು ಅದಕ್ಕೇ. ಆ ತಂಪಿಗೆ ಮೋಸಹೋಗಿ ನೀರು ಕುಡಿಯೋದನ್ನ ಮರೆಯಬೇಡಿ, ಬಿಸಿಲು ಅಲ್ಲೂ ಚುರುಕೇ.

ಇನ್ನೊಂದು ಮಾತು. ಈ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ದಾರಿಬದಿಯಲ್ಲಿ ಒಡೆದ ಬಿಯರ್ ಬಾಟಲಿ ಆನೆಯ ಪಾದಕ್ಕೂ ಚುಚ್ಚುತ್ತದೆ, ಬರಿಗಾಲಲ್ಲಿ ನಡೆಯುವ ಭಕ್ತರ ಪಾದಕ್ಕೂ. ಎಸೆದ ಪ್ಲಾಸ್ಟಿಕ್ ಲೋಟ ಜಿಂಕೆಯ ಹೊಟ್ಟೆ ಸೇರುತ್ತದೆ. ಜಾತ್ರೆಗೆ ಹೊರಟಾಗ ಬ್ಯಾಗಿನಲ್ಲಿ ಒಂದು ಸ್ಟೀಲ್ ಲೋಟ ಇಟ್ಟುಕೊಳ್ಳಿ. ಅರವಟ್ಟಿಗೆಯಲ್ಲಿ ಅದನ್ನೇ ಚಾಚಿ, ತೊಳೆದು ವಾಪಸ್ ತನ್ನಿ. ತೂಕ ನೂರು ಗ್ರಾಂ ಆಚೀಚೆ, ಸೆಮಿಸ್ಟರ್ ಪುಸ್ತಕಕ್ಕಿಂತ ಹಗುರ!