ಪೆಟ್ರೋಲಿನಲ್ಲಿ ಮದ್ಯಸಾರ: ಹಳೆಯ ಗಾಡಿಗೆ ಆಗುವುದೇನು?

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಲ್ಲಿ ತೆಂಗಿನ ತೋಟಗಳು ಎಷ್ಟು ಸಾಮಾನ್ಯವೋ ಹಳೆಯ ಗಾಡಿಗಳೂ ಅಷ್ಟೇ ಸಾಮಾನ್ಯ. ಪಟ್ಟಣದಲ್ಲಿ ಹತ್ತು ವರ್ಷ ದುಡಿದು ಕೈಬದಲಾದ ಕಾರು, ಸ್ಕೂಟರು, ಮೊಪೆಡ್ಡುಗಳು ಇಂಥ ಊರುಗಳಿಗೆ ಬಂದು ಇನ್ನೂ ಹತ್ತಾರು ವರ್ಷ ಬಾಳುವುದುಂಟು. ಕೆಲವು ತಿಂಗಳ ಹಿಂದೆ ಕಣಕಟ್ಟೆಯ ಒಂದು ದುರಸ್ತಿ ಅಂಗಡಿಯಲ್ಲಿ ನಾವು ನಿಂತಿದ್ದೆವು. 1990ರ ದಶಕದ ಒಂದು ಸಣ್ಣ ಕಾರಿನ ಕಾರ್ಬುರೇಟರನ್ನು ಬಿಚ್ಚಿದ್ದ ಮೆಕ್ಯಾನಿಕ್ಕು ಅದರೊಳಗಿನ ರಬ್ಬರಿನ ಬಳೆಯೊಂದನ್ನು ತೆಗೆದು ಹೊಸ ಬಳೆಯ ಪಕ್ಕದಲ್ಲಿಟ್ಟು ತೋರಿಸಿದ. ಹಳೆಯದು ಊದಿಕೊಂಡು ಮೆತ್ತಗಾಗಿತ್ತು. ಉಗುರಿನಿಂದ ಒತ್ತಿದರೆ ಗುರುತು ನಿಲ್ಲುತ್ತಿತ್ತು. “ಈಗ ಬಂಕಿನಾಗೆ ಹಾಕೋದು ಪೆಟ್ರೋಲಾ, ಸಾರಾಯಿನಾ ಮೇಷ್ಟ್ರೇ?” ಎಂದು ಆತ ಕೇಳಿದ. ಪ್ರಶ್ನೆ ಹಾಸ್ಯದ್ದಾದರೂ ಉತ್ತರ ಹಾಸ್ಯದ್ದಲ್ಲ. ಅದರಲ್ಲಿ ಐದನೆಯ ಒಂದು ಪಾಲು ನಿಜವಾಗಿಯೂ ಮದ್ಯಸಾರವೇ.

ಈ ಮಿಶ್ರಣಕ್ಕೆ ‘ಇ-20’ ಎಂದು ಹೆಸರು. ನೂರು ಪಾಲಿನಲ್ಲಿ ಎಂಬತ್ತು ಪೆಟ್ರೋಲು, ಇಪ್ಪತ್ತು ಎಥನಾಲ್ ಎಂಬ ಮದ್ಯಸಾರ. ಕಬ್ಬಿನ ರಸ, ಸಕ್ಕರೆ ಕಾರ್ಖಾನೆಯ ಕಾಕಂಬಿ, ಮುಸುಕಿನ ಜೋಳ, ಅಕ್ಕಿ ಮೊದಲಾದವನ್ನು ಹುಳಿಯಿಸಿ ಭಟ್ಟಿ ಇಳಿಸಿ, ಅನಂತರ ನೀರನ್ನು ಸಂಪೂರ್ಣವಾಗಿ ತೆಗೆದು ಇದನ್ನು ಪಡೆಯುತ್ತಾರೆ. ವಿಚಾರವೇನೂ ಹೊಸದಲ್ಲ. ಮದ್ಯಸಾರವನ್ನು ಮೋಟಾರು ಇಂಧನದಲ್ಲಿ ಬೆರಸುವುದಕ್ಕೆಂದೇ 1948ರಲ್ಲಿ ನಮ್ಮ ದೇಶದಲ್ಲಿ ಒಂದು ಕಾಯಿದೆಯಾಗಿತ್ತು. ಬಹುಕಾಲ ನಿದ್ರಿಸುತ್ತಿದ್ದ ಅದನ್ನು 2000ದಲ್ಲಿ ರದ್ದುಮಾಡಿದರು. ಮರುವರ್ಷವೇ, ವಿಧಿಯ ವಿನೋದವೆಂಬಂತೆ, ಬೆರಕೆಯ ಪ್ರಯೋಗಗಳು ಮತ್ತೆ ಮೊದಲಾದುವು. 2003ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಶೇಕಡ 5ರ ಬೆರಕೆ ಬಂದಿತು. 2022ರ ಜೂನ್ ವೇಳೆಗೆ ದೇಶದ ಸರಾಸರಿ ಬೆರಕೆ ಶೇಕಡ 10ನ್ನು ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇ-20ರ ಮಾರಾಟಕ್ಕೆ ಚಾಲನೆ ದೊರೆಯಿತು. ಆ ದಿನ ಅದು ಹನ್ನೊಂದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ ಇತ್ತು. 2025ರ ವೇಳೆಗೆ ಅದೇ ಸಾಮಾನ್ಯ ಪೆಟ್ರೋಲು ಆಯಿತು.

ಹಳೆಯ ಗಾಡಿಗಳ ವಿಷಯದಲ್ಲಿ ಇದರಿಂದ ಎದ್ದ ಗದ್ದಲವನ್ನು ವಾಚಕರು ಕೇಳಿಯೇ ಇದ್ದಾರೆ. ಎಂಜಿನ್ ಸುಟ್ಟೇಹೋಗುತ್ತದೆ ಎನ್ನುವವರು ಒಂದು ಕಡೆ, ಏನೇನೂ ಆಗುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಬೇರೆಬೇರೆ ಸಂಗತಿಗಳನ್ನು ಒಂದೇ ಮೂಟೆಯಲ್ಲಿ ಕಟ್ಟಿ ಮಾತನಾಡುತ್ತಾರೆಂದು ನಮಗೆ ತೋರುತ್ತದೆ. ಮೂಟೆಯನ್ನು ಬಿಚ್ಚಬೇಕಾದರೆ ಎಥನಾಲಿನ ಅಣುವನ್ನು ಒಮ್ಮೆ ನೋಡಬೇಕು. ಪೆಟ್ರೋಲಿನ ಅಣುಗಳಲ್ಲಿರುವುದು ಇಂಗಾಲ ಮತ್ತು ಜಲಜನಕ, ಅಷ್ಟೆ. ಎಥನಾಲಿನ ಅಣುವಿನಲ್ಲಿ ಎರಡು ಇಂಗಾಲ, ಆರು ಜಲಜನಕಗಳ ಜೊತೆಗೆ ಒಂದು ಆಮ್ಲಜನಕದ ಪರಮಾಣು ಉಂಟು. ಹಳೆಯ ಗಾಡಿಯ ಮೇಲೆ ಇ-20 ಮಾಡುವ ಪ್ರತಿಯೊಂದು ಪರಿಣಾಮದ ಮೂಲವೂ ಈ ಒಂದು ಪರಮಾಣುವೇ.

ಉರಿಯುವುದೆಂದರೆ ಆಮ್ಲಜನಕದೊಡನೆ ಕೂಡುವುದು. ತೂಕದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಆಮ್ಲಜನಕವನ್ನು ಮೊದಲೇ ಹೊತ್ತಿರುವ ಎಥನಾಲು ಒಂದರ್ಥದಲ್ಲಿ ಸ್ವಲ್ಪ ಉರಿದು ಬಂದ ಇಂಧನ; ಅರ್ಧ ಉರಿದ ಸೌದೆಯಿಂದ ಹಸನಾದ ಸೌದೆಯಷ್ಟು ಶಾಖವನ್ನು ನಿರೀಕ್ಷಿಸಲಾಗದು. ಒಂದು ಲೀಟರು ಪೆಟ್ರೋಲು ಸುಮಾರು 32 ಮೆಗಾಜೂಲ್ ಶಾಖವನ್ನು ಕೊಟ್ಟರೆ ಒಂದು ಲೀಟರು ಎಥನಾಲು ಸುಮಾರು 21 ಮೆಗಾಜೂಲ್ ಕೊಡುತ್ತದೆ. ಇ-20ರ ಒಂದು ಲೀಟರಿನಲ್ಲಿ ಪೆಟ್ರೋಲಿನ ಪಾಲು 25.6, ಎಥನಾಲಿನ ಪಾಲು 4.2, ಒಟ್ಟು 29.8 ಮೆಗಾಜೂಲ್. ಶುದ್ಧ ಪೆಟ್ರೋಲಿಗಿಂತ ಇದು ಶೇಕಡ 7ರಷ್ಟು ಕಡಮೆ. ನೀತಿ ಆಯೋಗದ 2021ರ ವರದಿಯಲ್ಲೂ ಹಳೆಯ ಬಗೆಯ ಕಾರುಗಳಿಗೆ ಶೇಕಡ 6ರಿಂದ 7, ದ್ವಿಚಕ್ರ ವಾಹನಗಳಿಗೆ ಶೇಕಡ 3ರಿಂದ 4ರಷ್ಟು ನಷ್ಟವೆಂದು ಅಂದಾಜು ಮಾಡಿದ್ದಾರೆ. ಲೀಟರಿಗೆ 16 ಕಿಲೋಮೀಟರು ಓಡುತ್ತಿದ್ದ ಕಾರು 15 ಓಡೀತು. ಲೀಟರಿಗೆ ನಾಲ್ಕೈದು ಕಿಲೋಮೀಟರೇ ಹೋಯಿತೆಂದು ಯಾರಾದರೂ ದೂರಿದರೆ ಮದ್ಯಸಾರವೊಂದನ್ನೇ ಅದಕ್ಕೆ ಹೊಣೆ ಮಾಡುವಂತಿಲ್ಲ. ಬೇರೆ ಕಾರಣವನ್ನೂ ಹುಡುಕಬೇಕು.

ಎರಡನೆಯ ಪರಿಣಾಮ ಗಾಳಿಯ ಲೆಕ್ಕದ್ದು. ಆಮ್ಲಜನಕವನ್ನು ತಾನೇ ತರುವ ಎಥನಾಲಿಗೆ ಹೊರಗಿನ ಗಾಳಿ ಕಡಮೆ ಸಾಕು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು; ಒಂದು ಗ್ರಾಂ ಎಥನಾಲಿಗೆ 9 ಗ್ರಾಂ. ಇ-20ಕ್ಕೆ ಸುಮಾರು 13.5 ಗ್ರಾಂ ಎಂದಾಗುತ್ತದೆ. ಈಚಿನ ಕಾರುಗಳಲ್ಲಿ ಹೊಗೆಕೊಳವೆಯೊಳಗೆ ಆಮ್ಲಜನಕವನ್ನು ಅಳೆಯುವ ಒಂದು ಸಾಧನವಿದ್ದು, ಅದರ ವರದಿಯಂತೆ ಗಣಕವು ಇಂಧನವನ್ನು ಹೆಚ್ಚುಕಡಮೆ ಮಾಡುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಅದೊಂದು ಸಣ್ಣ ರಂಧ್ರ. ಗಾಳಿಯ ಸೆಳೆತಕ್ಕೆ ತಕ್ಕಷ್ಟು ದ್ರವವನ್ನು ಬಿಡುವುದಷ್ಟೇ ಅದರ ಕೆಲಸ, ದ್ರವ ಯಾವುದೆಂದು ಅದು ಕೇಳದು. ಆದ್ದರಿಂದ ಹಳೆಯ ಎಂಜಿನ್ನಿನಲ್ಲಿ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ. ಬೆಳಗಿನ ಹೊತ್ತು ತಡವರಿಸುವುದು, ವೇಗ ಕೊಟ್ಟಾಗ ಮುಗ್ಗರಿಸುವುದು ಇದರ ಲಕ್ಷಣಗಳು. ಆದರೆ ಹಳೆಯ ಕಾರ್ಬುರೇಟರುಗಳನ್ನು ಅನೇಕ ವೇಳೆ ಇಂಧನ ತುಸು ಹೆಚ್ಚಾಗುವಂತೆಯೇ ಕೂಡಿಸಿರುತ್ತಾರೆ. ಅಂಥ ಎಂಜಿನ್ನಿನಲ್ಲಿ ಬೆರಕೆಯಿಂದ ಹೊಗೆ ಕಡಮೆಯಾದರೂ ಆಗಬಹುದು. ಉಳಿದವಕ್ಕೆ ಬಲ್ಲವನೊಬ್ಬನು ತಿರುಪನ್ನು ಸರಿಮಾಡುವುದು, ಇಲ್ಲವೆ ಸ್ವಲ್ಪ ದೊಡ್ಡ ರಂಧ್ರದ ಜೆಟ್ಟನ್ನು ಹಾಕುವುದು ಸಾಕು.

ಮೂರನೆಯದು ನೀರು. ಜಲಜನಕದೊಡನೆ ಜೋಡಿಯಾಗಿ ಅಣುವಿನ ತುದಿಯಲ್ಲಿ ಕುಳಿತಿರುವ ಅದೇ ಆಮ್ಲಜನಕವು ನೀರಿನ ಅಣುಗಳನ್ನು ಸೆಳೆಯುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ, ಉಪಾಧ್ಯಾಯರ ಎದುರಿನಲ್ಲಿ, ಹತ್ತಿರ ಎಲ್ಲಿಯೂ ಬೆಂಕಿಯಿಲ್ಲದಂತೆ ನೋಡಿಕೊಂಡು ಇದನ್ನು ಕಣ್ಣಾರೆ ಕಾಣಬಹುದು. ಅಳತೆಯ ಗುರುತುಗಳಿರುವ 100 ಮಿಲಿಲೀಟರಿನ ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರು ನೀರು, ಅದರ ಮೇಲೆ 90 ಮಿಲಿಲೀಟರು ಬಂಕಿನ ಪೆಟ್ರೋಲು ಹಾಕಿ, ಬಾಯಿ ಮುಚ್ಚಿ ಮೆಲ್ಲನೆ ಅಲುಗಿಸಿ ಬಿಡಬೇಕು. ಸ್ವಲ್ಪ ಹೊತ್ತಿಗೆ ದ್ರವ ಎರಡು ಪದರವಾಗಿ ನಿಲ್ಲುತ್ತದೆ. ಆದರೆ ಕೆಳಗಿನ ನೀರಿನ ಪದರ ಹತ್ತರಲ್ಲಿ ನಿಲ್ಲದೆ ಬಹಳ ಮೇಲಕ್ಕೇರಿರುತ್ತದೆ. 90 ಮಿಲಿಲೀಟರಿನಲ್ಲಿದ್ದ 18 ಮಿಲಿಲೀಟರು ಎಥನಾಲಿನ ಹೆಚ್ಚಿನ ಭಾಗ ಪೆಟ್ರೋಲನ್ನು ತೊರೆದು ನೀರಿನ ಕಡೆಗೆ ಸೇರಿದೆ. (ಗುರುತು ಸರಿಯಾಗಿ 28ಕ್ಕೆ ಬರಲಿಲ್ಲವೆಂದು ಬಂಕಿನವರನ್ನು ಸಂಶಯಿಸಬೇಕಾಗಿಲ್ಲ. ನೀರೂ ಎಥನಾಲೂ ಬೆರೆತಾಗ ಒಟ್ಟು ಗಾತ್ರ ಕೊಂಚ ಕುಗ್ಗುತ್ತದೆ; ಸ್ವಲ್ಪ ಎಥನಾಲು ಮೇಲೆಯೂ ಉಳಿಯುತ್ತದೆ.)

ಟ್ಯಾಂಕಿನಲ್ಲಿ ಹೀಗಾದರೆ ಕಷ್ಟವೇ ಸರಿ. ಎಂಜಿನ್ನಿಗೆ ಹೋಗುವ ಕೊಳವೆ ತಳದಲ್ಲಿರುವುದರಿಂದ ಮೊದಲು ಹೋಗುವುದು ಆ ನೀರು ಪದರವೇ. ಆದರೆ ಮಳೆಗಾಲದ ತೇವದ ಗಾಳಿಯಿಂದಲೇ ಹೀಗಾಗುತ್ತದೆಂಬ ಭಯಕ್ಕೆ ಎಷ್ಟು ಆಧಾರವಿದೆ? ಲೆಕ್ಕ ಹಾಕೋಣ. 30 ಲೀಟರಿನ ಟ್ಯಾಂಕು ಅರ್ಧ ಬರಿದಾಗಿದೆ ಎನ್ನಿ. ಹಗಲಿಗೂ ರಾತ್ರಿಗೂ 15 ಡಿಗ್ರಿ ಅಂತರವಿದ್ದರೆ ಒಳಗಿನ 15 ಲೀಟರು ಗಾಳಿ ಶೇಕಡ 5ರಷ್ಟು ಹಿಗ್ಗಿ ಕುಗ್ಗುತ್ತದೆ. ಅಂದರೆ ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಹೊಸ ಗಾಳಿ ಒಳಗೆ ಬರುತ್ತದೆ. 25 ಡಿಗ್ರಿಯಲ್ಲಿ ಪೂರ್ಣ ತೇವಗೊಂಡ ಗಾಳಿಯಲ್ಲಿ ಲೀಟರಿಗೆ 23 ಮಿಲಿಗ್ರಾಂ ನೀರಿನ ಆವಿ ಇರುತ್ತದೆ. ಅಷ್ಟೂ ನೀರಾಗಿ ಇಳಿದರೂ ದಿನಕ್ಕೆ 18 ಮಿಲಿಗ್ರಾಂ, ವರ್ಷಕ್ಕೆ ಆರೇಳು ಗ್ರಾಂ ಆದೀತು. ಶೇಕಡ 10ರ ಬೆರಕೆಯೇ ಪದರ ಒಡೆಯದೆ ಸುಮಾರು ಶೇಕಡ ಅರ್ಧದಷ್ಟು, ಎಂದರೆ 15 ಲೀಟರಿಗೆ 75 ಮಿಲಿಲೀಟರು ನೀರನ್ನು ತಾಳಿಕೊಳ್ಳಬಲ್ಲುದು. ಶೇಕಡ 20ರದು ಇನ್ನೂ ಹೆಚ್ಚು ತಾಳುತ್ತದೆ. ಈ ಉಸಿರಾಟದಿಂದ ಅಷ್ಟು ನೀರು ಸೇರಲು ಹತ್ತು ವರ್ಷಗಳ ಮೇಲೆ ಬೇಕು. ಭಯಪಡಬೇಕಾದದ್ದು ಬಿರುಕುಬಿಟ್ಟ ಮುಚ್ಚಳದಿಂದ ಸೋರುವ ಮಳೆನೀರಿಗೆ, ಬಂಕಿನ ನೆಲದಡಿಯ ತೊಟ್ಟಿಗೆ ಹೇಗೋ ಸೇರಿದ ನೀರಿಗೆ, ಮತ್ತು ತಿಂಗಳುಗಟ್ಟಲೆ ಕದಲದೆ ನಿಂತ ಗಾಡಿಯ ಹಳೆಯ ಇಂಧನಕ್ಕೆ.

ಇನ್ನು ಆ ಊದಿದ ರಬ್ಬರಿನ ಬಳೆ. ನಮ್ಮ ಎಣಿಕೆಯಲ್ಲಿ ಹಳೆಯ ಗಾಡಿಗಳಿಗೆ ಬಂದಿರುವ ನಿಜವಾದ ಹಾನಿ ಇಲ್ಲಿದೆ. ರಬ್ಬರು ಎಂಬುದು ಉದ್ದುದ್ದ ಅಣುಗಳ ಒಂದು ಬಲೆ. ತನ್ನ ಗುಣಕ್ಕೆ ಹೊಂದುವ ದ್ರವದ ಅಣುಗಳನ್ನು ಅದು ಒಳಗೆ ಬಿಟ್ಟುಕೊಂಡು ಊದುತ್ತದೆ. ಹಿಂದಿನ ಎಂಜಿನಿಯರುಗಳು ಪೆಟ್ರೋಲಿಗೆ ಬಗ್ಗದ ರಬ್ಬರನ್ನು ಆರಿಸಿದ್ದರು. ಪೆಟ್ರೋಲು ಮತ್ತು ಮದ್ಯಸಾರ ಕೂಡಿ ಬರುವುದೆಂದು ಅವರು ಎಣಿಸಿರಲಿಲ್ಲ. ಈ ಜೋಡಿ ಹಲವು ಬಗೆಯ ರಬ್ಬರುಗಳಲ್ಲಿ ಒಂಟಿ ದ್ರವಕ್ಕಿಂತ ಹೆಚ್ಚಾಗಿ ನುಗ್ಗುತ್ತದೆ. ಗಾಡಿ ನಿಂತು ಒಣಗಿದಾಗ ಅದೇ ರಬ್ಬರು ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನ ನಳಿಗೆಯಿಂದ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವುದು ಮೈಲೇಜಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಕಾರ್ಕಿನ ಪಟ್ಟಿ, ಸತುವಿನ ಮಿಶ್ರಲೋಹದ ಕಾರ್ಬುರೇಟರು, ಸೀಸ ತವರಗಳ ಲೇಪವಿರುವ ಹಳೆಯ ಟ್ಯಾಂಕುಗಳಿಗೂ ತೇವ ಸೇರಿದ ಮದ್ಯಸಾರ ಒಗ್ಗುವುದಿಲ್ಲ. ಅಲ್ಲದೆ ವರ್ಷಾಂತರಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಜಿಡ್ಡನ್ನು ಅದು ಸಡಿಲಿಸಿ ಶೋಧಕಕ್ಕೆ ತಂದು ತುಂಬುತ್ತದೆ. ಇ-20 ಹಾಕಿದ ಹೊಸತರಲ್ಲಿ ಹಳೆಯ ಗಾಡಿ ದಾರಿಯಲ್ಲಿ ನಿಂತರೆ ಮೊದಲು ನೋಡಬೇಕಾದದ್ದು ಶೋಧಕವನ್ನು. ಫ್ಲೋರಿನ್ ಸೇರಿದ ರಬ್ಬರಿನ ನಳಿಗೆ, ಬಳೆಗಳನ್ನು ಹಾಕಿದರೆ ಈ ತೊಂದರೆ ಬಹಳಮಟ್ಟಿಗೆ ನೀಗುತ್ತದೆ. ಅವುಗಳ ಬೆಲೆ ಕಾರಿನ ಬೆಲೆಯ ಮುಂದೆ ಅಲ್ಪ. ಮೊಪೆಡ್ಡಿನಲ್ಲಿ ತೆಂಗಿನಕಾಯಿ ಹೇರಿಕೊಂಡು ಹೋಗುವವನಿಗೆ ಅಷ್ಟು ಅಲ್ಪವಲ್ಲ.

1975ರಿಂದ ಮದ್ಯಸಾರದ ಯೋಜನೆಯನ್ನು ನಡೆಸಿಕೊಂಡು ಬಂದಿರುವ ಬ್ರೆಜಿಲಿನಲ್ಲಿ 2025ರ ಆಗಸ್ಟಿನಿಂದ ಬೆರಕೆ ಶೇಕಡ 30. ಅಲ್ಲಿ ಏನೂ ಆಗಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಅಲ್ಲಿಯ ಗಾಡಿಗಳನ್ನು ದಶಕಗಳಿಂದ ಅದಕ್ಕೆಂದೇ ಕಟ್ಟುತ್ತ ಬಂದಿದ್ದಾರೆಂಬುದನ್ನು ಅವರು ಮರೆಯುತ್ತಾರೆ. ಅಮೆರಿಕದಲ್ಲಿ ಶೇಕಡ 15ರ ಬೆರಕೆಗೆ 2011ರಲ್ಲಿ ಒಪ್ಪಿಗೆ ಕೊಟ್ಟಾಗ 2001 ಮತ್ತು ಅದರ ಈಚಿನ ಮಾದರಿಯ ಕಾರುಗಳಿಗೆ ಮಾತ್ರ ಎಂದು ಗೆರೆ ಎಳೆದರು. ನಮ್ಮಲ್ಲಿ ಇ-20ಕ್ಕೆ ಬಾಳುವ ಭಾಗಗಳಿರುವ ಗಾಡಿಗಳು 2023ರ ಏಪ್ರಿಲಿನಿಂದ ಈಚಿನವು. ನೀತಿ ಆಯೋಗದ ಅದೇ 2021ರ ವರದಿ ಹಳೆಯ ಗಾಡಿಗಳಿಗಾಗಿ ಶೇಕಡ 10ರ ಬೆರಕೆಯನ್ನು ಬೇರೆಯಾಗಿ ಉಳಿಸಿಕೊಳ್ಳಬೇಕೆಂದೂ ಶಾಖ ಕಡಮೆಯಾದ ಇಂಧನದ ಬೆಲೆಯೂ ಕಡಮೆಯಿರಬೇಕೆಂದೂ ಸೂಚಿಸಿತ್ತು. ಎರಡೂ ನಡೆಯಲಿಲ್ಲ. ಎಥನಾಲಿನ ಕೊಳ್ಳುವ ಬೆಲೆಯೇ ಏರಿದೆ ಎಂಬುದು ಸರ್ಕಾರದ ಸಮಾಧಾನ. ಬೆರಕೆಯಿಲ್ಲದ ಪೆಟ್ರೋಲೂ ದೊರೆಯಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಕಚ್ಚಾ ತೈಲಕ್ಕಾಗಿ ಹೊರದೇಶಕ್ಕೆ ಹೋಗುವ ಹಣ ಉಳಿಯುವುದೂ ಜೋಳ, ಕಬ್ಬು ಬೆಳೆದವರಿಗೆ ಒಬ್ಬ ಗಿರಾಕಿ ಹೆಚ್ಚುವುದೂ ಒಳ್ಳೆಯದೇ. ಆದರೆ ಆ ಶೇಕಡ ಆರೇಳರ ನಷ್ಟವನ್ನು ತುಂಬುತ್ತಿರುವವನು ಹೊಸ ಗಾಡಿ ಕೊಳ್ಳಲಾರದವನು ಎಂಬುದನ್ನೂ ಲೆಕ್ಕದಲ್ಲಿ ಬರೆಯಬೇಕಾಗುತ್ತದೆ.

ಕಣಕಟ್ಟೆಯ ಅಂಗಡಿಯಲ್ಲಿ ಆ ಮಧ್ಯಾಹ್ನ ಕಾರಿಗೆ ಹೊಸ ನಳಿಗೆ, ನಾಲ್ಕು ಬಳೆ, ಒಂದು ಶೋಧಕ ಬಿದ್ದುವು. ಕಾರ್ಬುರೇಟರಿನ ತಿರುಪು ಅರ್ಧ ಸುತ್ತು ತಿರುಗಿತು. ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಊದಿದ ಬಳೆಯನ್ನು ನಾವು ತರಗತಿಯಲ್ಲಿ ತೋರಿಸಲೆಂದು ಕಾಗದದಲ್ಲಿ ಸುತ್ತಿ ಕೇಳಿ ತಂದೆವು. ವಾರ ಕಳೆದು ಬಿಚ್ಚಿ ನೋಡಿದಾಗ ಅದು ಒಣಗಿ, ಹೊಸ ಬಳೆಗಿಂತಲೂ ಸಣ್ಣದಾಗಿ, ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು.